ಚಿಲಕದ ಮೇಲಿನ ಕೈ

ಪಿಸ್ತೂಲು ಹಿಡಿಯುವುದನ್ನು ಕಲಿಯಲೆಂದು ಹೋದವರಿಗೆ ಅಲ್ಲಿ ಮೊದಲು ಕಂಡದ್ದು ಒಂದು ಬಾಗಿಲು. ಗೋಡೆಯಿಲ್ಲ, ಮನೆಯಿಲ್ಲ, ಬರೀ ಬಾಗಿಲು. ಉದ್ದನೆಯ ಹಾಲಿನ ನಟ್ಟನಡುವೆ ಮರದ ಚೌಕಟ್ಟೊಂದನ್ನು ಊರುಗಾಲು ಕೊಟ್ಟು ನಿಲ್ಲಿಸಿದ್ದರು. ಅದಕ್ಕೊಂದು ಹಳೆಯ ಕದ, ಕದಕ್ಕೊಂದು ಕಬ್ಬಿಣದ ಚಿಲಕ. ಪಕ್ಕದಿಂದ ಸುತ್ತಿಕೊಂಡು ಬಂದರೆ ಆ ಕಡೆಯವರು ಈ ಕಡೆಗೆ ಆರಾಮಾಗಿ ಬರಬಹುದಿತ್ತು. ಕಲಿಯಲು ಬಂದವರಲ್ಲಿ ಪೆಟ್ರೋಲ್ ಬಂಕಿನ ಯಜಮಾನನೊಬ್ಬನಿದ್ದ, ಬಾಯಿ ಮುಚ್ಚಿಕೊಂಡು ಕೂರುವ ಜಾಯಮಾನದವನಲ್ಲ. ಇದೇನು ನಾಟಕದ ತಾಲೀಮೋ, ಇಲ್ಲಾ ಮನೆ ಕಟ್ಟಿಸಲು ಹೊರಟವರು ಬಾಗಿಲಿಗೇ ಸುಸ್ತಾಗಿ ಬಿಟ್ಟರೋ ಎಂದು ಕೇಳಿ ಅಕ್ಕಪಕ್ಕದವರನ್ನು ನಗಿಸಿದ.

ಹಲ್ಲಕ್ಕನೂ ನಕ್ಕಳು. ಹಲ್ಲಕ್ಕ ಎನ್ನುವುದು ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವಳು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುವ ಪ್ರಯೋಗಾಲಯದಲ್ಲಿ ಕೆಲಸ. ದಿನವಿಡೀ ಪ್ಲಾಸ್ಟರಿನ ದವಡೆಗಳ ನಡುವೆ ಕೂತು, ಗುಲಾಬಿ ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಮೇಲಿನದಕ್ಕೂ ಕೆಳಗಿನದಕ್ಕೂ ಹೊಂದಿಕೆಯಾಗುತ್ತದೋ ಎಂದು ಕಟಕಟ ಕಚ್ಚಿಸಿ ನೋಡುವುದು. ಅವಳ ಬೆರಳುಗಳಿಗೆ ತಪ್ಪು ಕೆಲಸ ಗೊತ್ತಿಲ್ಲ ಎಂದು ಅವಳೂ ನಂಬಿದ್ದಳು, ಬೇರೆಯವರೂ ನಂಬಿದ್ದರು. ಆ ನಂಬಿಕೆಗೆ ಆ ದಿನ ಪೆಟ್ಟು ಬಿತ್ತು.

ಕಲಿಸುವಾಕೆಯನ್ನು ಎಲ್ಲರೂ ಜೈಲಮ್ಮ ಎನ್ನುತ್ತಿದ್ದರು. ಅರ್ಧ ಆಯುಸ್ಸನ್ನು ಹೆಂಗಸರ ಜೈಲಿನಲ್ಲಿ ಕಾವಲು ಕಾಯುತ್ತಾ ಕಳೆದು ನಿವೃತ್ತಿಯಾದವರು. ದಪ್ಪ ಮೈ, ಸಣ್ಣ ದನಿ. ಅವರ ಮಾತು ಕೇಳಬೇಕಾದರೆ ಬೇರೆಯವರು ಸುಮ್ಮನಾಗಲೇಬೇಕು. ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳಲು ಪರವಾನಗಿ ಬೇಕಾದವರು ಇವರ ಹತ್ತಿರ ಕಲಿತು, ‘ಇವರಿಗೆ ಕೊಡಬಹುದು’ ಎಂದು ಇವರ ಕೈಯಲ್ಲೇ ಸಹಿ ಹಾಕಿಸಿಕೊಳ್ಳಬೇಕು. ಆ ಸಹಿ ಸುಲಭಕ್ಕೆ ಬೀಳುವುದಲ್ಲ ಎಂದು ಹಲ್ಲಕ್ಕ ಮೊದಲೇ ಕೇಳಿದ್ದಳು.

ಜೈಲಮ್ಮ ಪಿಸ್ತೂಲಿನ ಸುದ್ದಿಯನ್ನೇ ಎತ್ತಲಿಲ್ಲ. ಒಬ್ಬರು ಬಾಗಿಲಿನ ಆ ಕಡೆ, ಒಬ್ಬರು ಈ ಕಡೆ ನಿಲ್ಲಿ ಎಂದರು. ಆ ಕಡೆಯವರು ಬಡಿಯಬೇಕು, ಈ ಕಡೆಯವರು ಯಾರೆಂದು ಕೇಳಬೇಕು, ಅಷ್ಟೇ ಆಟ. ಹಲ್ಲಕ್ಕನ ಸರದಿಗೆ ಆ ಕಡೆ ನಿಂತವನು ಬಂಕಿನ ಯಜಮಾನ. ಬಡಿದ. “ಯಾರು?” ಎಂದಳು ಹಲ್ಲಕ್ಕ.

“ನಾನು,” ಎಂದ ಅವನು.

ಮುಂದಿನದು ಹೇಗಾಯಿತೋ ಅವಳಿಗೇ ತಿಳಿಯಲಿಲ್ಲ. ಹಾಲಿನಲ್ಲಿ ನಗು ಎದ್ದಾಗ ನೋಡಿಕೊಂಡರೆ ಅವಳ ಬಲಗೈ ಚಿಲಕ ಸರಿಸಿ ಕದವನ್ನು ಅರ್ಧ ಎಳೆದಾಗಿತ್ತು. ಬಂಕಿನವನು ಮದುವೆ ಮನೆಗೆ ಬಂದವನ ಹಾಗೆ ಹಲ್ಲು ಕಿರಿದು ನಿಂತಿದ್ದ.

ಜೈಲಮ್ಮ ನಗಲಿಲ್ಲ. ಹತ್ತಿರ ಬಂದು, “ಯಾರಿಗೆ ತೆಗೆದೆ?” ಎಂದರು.

“‘ನಾನು’ ಅಂದ್ರು.”

“ಅಂದಿದ್ದು ಬಂಕಿನವನು. ನೀನು ತೆಗೆದಿದ್ದು ಯಾರಿಗೆ?”

ಹಲ್ಲಕ್ಕ ತನ್ನ ಕೈಯನ್ನು ನೋಡಿಕೊಂಡಳು. ಬೇರೆ ಯಾರದೋ ಕೈಯನ್ನು ತನ್ನ ಮೊಣಕೈಗೆ ಅಂಟಿಸಿದ ಹಾಗಿತ್ತು. ಈ ಪ್ರಶ್ನೆ ಅವಳಿಗೆ ಹೊಸದೂ ಅಲ್ಲ. ಹಿಂದೊಮ್ಮೆ ಪೊಲೀಸ್ ಠಾಣೆಯಲ್ಲಿ, ಊದಿಕೊಂಡ ಭುಜ ಹಿಡಿದುಕೊಂಡು ಕೂತಿದ್ದಾಗ, ಅಲ್ಲಿನ ಸಾಹೇಬರೂ ಇದನ್ನೇ ಕೇಳಿದ್ದರು, ಅವರದ್ದೇ ಧಾಟಿಯಲ್ಲಿ: ಗೊತ್ತಿದ್ದೂ ಗೊತ್ತಿದ್ದೂ ಬಾಗಿಲು ಯಾಕಮ್ಮ ತೆಗೆದೆ.

ಹಲ್ಲಕ್ಕನ ಗಂಡ ಒಳ್ಳೆಯ ಮಾತುಗಾರ. ಮುರಿದ ಹಲ್ಲು ಸರಿಮಾಡಿಸಿಕೊಳ್ಳಲು ಬಂದು, ಕಟ್ಟಿಸಿದ ಹಲ್ಲು ಸರಿ ಕೂರಲಿಲ್ಲ ಎಂಬ ನೆಪದಲ್ಲಿ ಪ್ರಯೋಗಾಲಯಕ್ಕೇ ಮತ್ತೆ ಮತ್ತೆ ಬಂದು, ಅವಳ ಮನಸ್ಸು ಗೆದ್ದವನು. ಮದುವೆಯಾದ ಮೇಲೆ ಮಾತು ಕಡಿಮೆಯಾಗಿ ಕೈ ಜಾಸ್ತಿಯಾಯಿತು. ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡು ವರ್ಷಗಟ್ಟಲೆ ನಡೆಸಿದಳು. ಒಂದು ದಿನ ನಡುವೆ ಬಿಡಿಸಲು ಬಂದ ತನ್ನ ಹೆತ್ತ ತಾಯಿಯ ಬಾಯಿಗೇ ಅವನು ಗುದ್ದಿದ. ಮುಂದಿನ ಹಲ್ಲುಗಳು ಹೋದವು. ಅವತ್ತು ಸಂಜೆಯೇ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಟ್ರಂಕು ಹಿಡಿದು, ಬಾಯಿ ಬಿಡಲಾರದೆ ಗೋಣಿನಿಂದಲೇ ಸೊಸೆಗೆ ಸನ್ನೆ ಮಾಡಿದರು: ನಡಿ. ಹೀಗೆ ಗಂಡನ ಮನೆಯಿಂದ ಸೊಸೆಯನ್ನು ಬಿಡಿಸಿಕೊಂಡು ಬಂದವರು ಸೊಸೆಯ ತವರಿನವರಲ್ಲ, ಅತ್ತೆ.

ಸೈಕಲ್ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಇಬ್ಬರೂ ಸಂಸಾರ ಹೂಡಿದರು. ಹಲ್ಲಕ್ಕ ಮಾಡಿದ ಮೊದಲ ಕೆಲಸ ಅತ್ತೆಗೆ ಹಲ್ಲಿನ ಸೆಟ್ಟು. ಮೊದಲು ಇದ್ದ ಹಾಗೇ ಒಂದು ಹಲ್ಲನ್ನು ಕೊಂಚ ಸೊಟ್ಟಗೆ ನೆಟ್ಟಳು. ದುಡ್ಡು ಕೊಡದಿದ್ದರೆ ಹೀಗೇ ಸೊಟ್ಟ ಮಾಡೋದು ನೀವು ಎಂದು ಅತ್ತೆ ಕನ್ನಡಿ ಮುಂದೆ ನಿಂತು ಮೂಗು ಮುರಿದರು, ಮುರಿದು ಬಹಳ ಹೊತ್ತು ನೋಡಿಕೊಂಡರು. ಅವನ ಮಾತು ಬಂದಾಗ ಮಾತ್ರ ಇಬ್ಬರಿಗೂ ಒಂದು ಜಗಳವಿತ್ತು. ಸೊಸೆ ‘ನಿಮ್ಮ ಮಗ’ ಎನ್ನುವಳು, ಅತ್ತೆ ‘ನಿನ್ನ ಗಂಡ’ ಎನ್ನುವರು. ಬಿಸಿ ಪಾತ್ರೆಯನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿದ ಹಾಗೆ ಅವನು ಆ ಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ.

ವಿಳಾಸ ಹುಡುಕಿಕೊಂಡು ಅವನು ಬಂದೂ ಬಂದ. ಬಡಿದ. ಹಲ್ಲಕ್ಕ ಯಾರೆಂದು ಕೇಳಿದಳು, ‘ನಾನು’ ಎಂದ, ಅವಳು ತೆಗೆದಳು. ಭುಜ ಕಳಚಿದ್ದು ಆವಾಗ. ಕೆಳಗಿನ ಸೈಕಲ್ಲಣ್ಣ ಕೈಯಲ್ಲಿ ಪಂಪು ಹಿಡಿದುಕೊಂಡೇ ಓಡಿಬಂದದ್ದರಿಂದ ಜೀವ ಉಳಿಯಿತು. ಆ ಕಡೆ ತಲೆ ಹಾಕಬಾರದು ಎಂದು ಕೋರ್ಟು ಅವನಿಗೆ ಕಟ್ಟಪ್ಪಣೆ ಮಾಡಿತು. ಹೊರಗೆ ಬಂದ ಅವನು, ಕಾಗದಕ್ಕೆ ಕೈಕಾಲು ಇರುತ್ತಾ ಎಂದು ಯಾರ ಹತ್ತಿರವೋ ಹೇಳಿದನಂತೆ.

ಹಾಗಾಗಿ ಹಲ್ಲಕ್ಕ ಜೈಲಮ್ಮನ ಕ್ಲಾಸಿಗೆ ಬಂದಿದ್ದಳು. ಅತ್ತೆಗೆ ಹೇಳಿದ್ದು ಕಂಪ್ಯೂಟರ್ ಕ್ಲಾಸು ಎಂದು. ನಿಮ್ಮ ಮಗನಿಗೆ ಗುಂಡು ಹೊಡೆಯುವುದನ್ನು ಕಲಿಯಲು ಹೋಗುತ್ತಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು?

ಕಲಿಕೆ ಮುಂದುವರಿಯಿತು. ಪಿಸ್ತೂಲು ಬಿಚ್ಚುವುದು, ಜೋಡಿಸುವುದು, ಕಾಗದದ ಗುರಿಗೆ ಹೊಡೆಯುವುದು ಇವೆಲ್ಲ ಹಲ್ಲಕ್ಕನಿಗೆ ನೀರು ಕುಡಿದಷ್ಟು ಸಲೀಸು. ಸಣ್ಣ ಕೆಲಸಕ್ಕೆ ಪಳಗಿದ ಬೆರಳಲ್ಲವೆ, ಬಂಕಿನವನಿಗಿಂತ ಚೆನ್ನಾಗಿ ಹೊಡೆದಳು. ಅವನು ತನ್ನ ಗುರಿಯ ಕಾಗದವನ್ನು ಬೆಳಕಿಗೆ ಹಿಡಿದು, ಒಂದೂ ತೂತಿಲ್ಲ, ಇದನ್ನ ಮುಂದಿನ ಸಲಕ್ಕೂ ಇಟ್ಟುಕೋಬಹುದು ಎಂದ. ಆದರೆ ಜೈಲಮ್ಮ ಗುರಿಯನ್ನು ಹೊಗಳುವವರೇ ಅಲ್ಲ. ಪ್ರತಿ ಸಲವೂ ಹಿಡಿದು ಕೂರಿಸಿ ಒಂದೇ ಪ್ರಶ್ನೆ: ಯಾವಾಗ ಹೊಡೆಯುತ್ತೀಯ? ಅವನು ಬಂದಾಗ ಎಂದರೆ ಆಗದು. ಬರುವವರು ಬೇಕಾದಷ್ಟು ಜನ ಇರುತ್ತಾರೆ, ಬಂದವರಿಗೆಲ್ಲ ಗುಂಡು ಹಾಕಲಾಗುತ್ತದೆಯೆ? ಭಯವಾದಾಗ ಎಂದರೂ ಆಗದು. ಭಯ ಇಲಿ ಓಡಿದರೂ ಆಗುತ್ತದೆ. ಹೆದರಿಸುವುದಕ್ಕೆ ತೋರಿಸುತ್ತೇನೆ ಎಂದವರನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದರು. ಹೊಡೆಯಲಾರೆ ಎನ್ನುವವರು ಹೊರಗೆ ತೆಗೆಯಲೇಬಾರದು. ಕಾಲಿಗೆ ಹೊಡೆಯುತ್ತೇನೆ ಎನ್ನುವವರಿಗೂ ಅದೇ ಮಾತು. ಓಡಿಬರುವ ಮನುಷ್ಯನ ಕಾಲು ಹುಡುಕುತ್ತಾ ಕೂರಲು ಯಾರಿಗೂ ಪುರಸೊತ್ತಿರುವುದಿಲ್ಲ, ಹುಡುಕಿ ಹೊಡೆದರೂ ಆ ಏಟಿಗೆ ಮನುಷ್ಯ ಉಳಿಯುತ್ತಾನೆಂಬ ಭರವಸೆಯಿಲ್ಲ ಎನ್ನುತ್ತಿದ್ದರು.

ಜೈಲಿನಲ್ಲಿ ತಾವು ಕಾವಲಿದ್ದ ಹೆಂಗಸರ ಕತೆಗಳನ್ನೂ ಹೇಳುತ್ತಿದ್ದರು. ಮಲಗಿದ್ದ ಗಂಡನನ್ನು ಮುಗಿಸಿ ಬಂದವಳು, ಓಡಿಹೋಗುತ್ತಿದ್ದ ಮೈದುನನ ಬೆನ್ನಿಗೆ ಹೊಡೆದವಳು. ಅವರೆಲ್ಲ ಕೆಟ್ಟವರೆಂದು ಜೈಲಮ್ಮ ಅನ್ನಲಿಲ್ಲ. ಕೆಲವರಿಗೆ ನಾನೇ ತಲೆ ಬಾಚಿ ಜಡೆ ಹಾಕಿದ್ದೇನೆ ಎಂದರು. “ತಿಂದ ಏಟಿಗೆ ಅಲ್ಲ ಇದು,” ಎಂದರು ಮೇಜಿನ ಮೇಲಿನ ಪಿಸ್ತೂಲನ್ನು ತೋರಿಸಿ. “ಬೀಳೋಕೆ ಬರ್ತಿರೋ ಏಟಿಗೆ. ಎರಡನ್ನೂ ಕಲಸಿಕೊಂಡ್ರೆ ನೀನು ನನ್ನ ಹಳೇ ಕೆಲಸದ ಜಾಗಕ್ಕೆ ಹೋಗ್ತೀಯ.”

ಹಲ್ಲಕ್ಕನನ್ನು ಈ ಮಾತು ಕೆಲಸದ ಮೇಜಿನವರೆಗೂ ಹಿಂಬಾಲಿಸಿತು. ಪ್ರಯೋಗಾಲಯದ ಕಪಾಟಿನಲ್ಲಿ ಹಳೆಯ ಅಚ್ಚುಗಳನ್ನು ಎಸೆಯದೆ ಇಡುವ ರೂಢಿಯಿತ್ತು. ಅವುಗಳ ನಡುವೆ ಗಂಡನ ದವಡೆಯೂ ಇತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಅದನ್ನು ತೆಗೆದು ಮುಂದಿಟ್ಟುಕೊಂಡಳು. ಈ ಪ್ಲಾಸ್ಟರಿನ ಮುಂದೆ ಕೂತರೆ ತನಗೆ ಏನೇನಾಗುತ್ತದೆ ಎಂದು ನೋಡುವ ಕುತೂಹಲ. ಮೊದಲು ಏನೂ ಆಗಲಿಲ್ಲ. ಬುದ್ಧಿಹಲ್ಲು ಅಡ್ಡಡ್ಡ ಬೆಳೆದಿದೆ, ಪಾಪ, ನೋಯುತ್ತಿದ್ದಿರಬೇಕು ಎಂದುಕೊಂಡಳು. ಪಾಪ ಎಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ತಾನು ತಿಂದ ಏಟುಗಳನ್ನು ನೆನೆದಳು, ಬರೀ ಸುಸ್ತಾಯಿತು. ಅತ್ತೆಯ ಹಲ್ಲನ್ನು ನೆನೆದಾಗ ಮಾತ್ರ ಕಿವಿಯ ಹಿಂದೆ ಬಿಸಿ ಏರಿ ತೋರುಬೆರಳು ತಾನಾಗಿ ಮಡಚಿಕೊಂಡಿತು. ಇವನು ಈಗ ಎದುರಿಗೆ ಸುಮ್ಮನೆ ಕೂತಿದ್ದರೂ ಹೊಡೆದುಬಿಡುತ್ತಿದ್ದೆ ಎನ್ನಿಸಿತು, ಎನ್ನಿಸಿದ್ದು ನೋಡಿ ಅಚ್ಚನ್ನು ಕಪಾಟಿಗೆ ಸೇರಿಸಿ ಬಾಗಿಲು ಹಾಕಿದಳು. ಮುಂದಿನ ಕ್ಲಾಸಿನಲ್ಲಿ ಜೈಲಮ್ಮನಿಗೆ ಅದನ್ನು ಇದ್ದ ಹಾಗೇ ಒಪ್ಪಿಸಿದಳು. ಅವರು, ಇದು ಗೊತ್ತಾಯಿತಲ್ಲ, ಗೊತ್ತಿಲ್ಲದವರನ್ನು ಕಂಡರೇ ನನಗೆ ಹೆದರಿಕೆ ಎಂದರು. ಆಮೇಲೆ ಮನೆಯಲ್ಲಿ ಮಾಡಲು ಕೆಲಸ ಕೊಟ್ಟರು. ಹಗಲು ಹೊತ್ತಿನಲ್ಲಿ, ಬರಿಗೈಯಲ್ಲಿ, ಮನೆಯೊಳಗೆ ಎಲ್ಲೆಲ್ಲಿ ನಿಲ್ಲಬಹುದೋ ಅಲ್ಲಲ್ಲಿ ನಿಂತು ಬೆರಳು ಚಾಚಿ, ಗುಂಡು ಗುರಿ ತಪ್ಪಿದರೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಬೇಕು. ಮನೆಯಲ್ಲಿರುವವರಿಗೆ ಎಲ್ಲ ಹೇಳಬೇಕು. ಹೇಳದಿದ್ದರೆ ಸಹಿ ಇಲ್ಲ.

ಮೊದಲನೆಯದು ಮಾಡಿದಳು. ಅತ್ತೆ ಸ್ನಾನಕ್ಕೆ ಹೋಗುವುದನ್ನೇ ಕಾದು, ಮುಂದಿನ ಕೋಣೆಯಲ್ಲಿ ನಿಂತು ಬೆರಳು ಚಾಚಿದರೆ ಅಡುಗೆಮನೆ. ಅಲ್ಲಿ ಅತ್ತೆ ಇಲ್ಲದ ಹೊತ್ತೇ ಅಪರೂಪ. ಕಿಟಕಿಯ ಕಡೆ ತಿರುಗಿದರೆ ಬೀದಿ, ಬೀದಿಯ ತುಂಬಾ ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳುವ ಜನ. ಎಡಗಡೆಯ ಗೋಡೆ ಬರೀ ಹಲಗೆಯದು, ಅದರಾಚೆ ಬಾಣಂತಿಯೊಬ್ಬಳ ಮಂಚ. ಎಲ್ಲಿ ನಿಂತರೂ ಬೆರಳು ಯಾರದೋ ಮೈಯನ್ನು ಮುಟ್ಟುತ್ತಿತ್ತು. ಇಷ್ಟು ದಿನ ಈ ಮನೆಯಲ್ಲಿ ಗೋಡೆಗಳಿವೆ ಎಂದುಕೊಂಡಿದ್ದವಳಿಗೆ ಈಗ ಬರೀ ಜನರೇ ಕಾಣತೊಡಗಿದರು. ಕೊನೆಗೆ ಸಿಕ್ಕಿದ್ದು ಒಂದೇ ಜಾಗ: ಮಲಗುವ ಕೋಣೆಗೆ ಹೋಗುವ ಓಣಿಯ ಬಾಯಿ. ಅಲ್ಲಿ ನಿಂತರೆ ಎದುರಿಗೆ ಮುಂಬಾಗಿಲು, ಬಾಗಿಲಿನಾಚೆ ಮೆಟ್ಟಿಲ ಪಕ್ಕದ ಇಟ್ಟಿಗೆಯ ಗೋಡೆ. ಬೆನ್ನ ಹಿಂದೆ ಅತ್ತೆ ಇದ್ದರೆ ಸರಿ.

“ಅಲ್ಲೇನು ನೊಣ ಹೊಡೀತಿದ್ದೀಯ?” ಎಂದು ಹಿಂದಿನಿಂದ ದನಿ ಬಂತು. ಅತ್ತೆ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಹಲ್ಲಕ್ಕ ಚಾಚಿದ ಬೆರಳನ್ನು ಮಡಚಿ ಮೂಗು ಕೆರೆದುಕೊಂಡಳು.

“ಅದ್ಯಾವ ಕಂಪ್ಯೂಟರೇ ಅದು,” ಎಂದರು ಅತ್ತೆ, “ಕಲಿತು ಬಂದ ದಿನವೆಲ್ಲ ನಿಂಗೆ ಕಿವಿ ಕೇಳಲ್ಲ, ಬಟ್ಟೆ ಪಟಾಕಿ ಹೊಡೆದ ಹಾಗೆ ನಾರುತ್ತೆ?”

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಹಲ್ಲಕ್ಕ ಕೂತು ಎಲ್ಲವನ್ನೂ ಹೇಳಿದಳು. ಬಾಗಿಲಿನ ಆಟ, ತನ್ನ ಕೈ ಮಾಡಿದ ಅವಾಂತರ, ಜೈಲಮ್ಮನ ಪ್ರಶ್ನೆ. ಎಲ್ಲ ಮುಗಿದ ಮೇಲೆ ಅತ್ತೆ ತಲೆಯ ಬಟ್ಟೆ ಬಿಚ್ಚಿ ಹಿಂಡುತ್ತಾ, “ಕಾಲಿಗೆ ತಾನೇ?” ಎಂದರು.

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅತ್ತೆ ನಿದ್ದೆ ಮಾಡುತ್ತಿದ್ದರು, ಜೈಲಮ್ಮ ಸಹಿ ಹಾಕುತ್ತಿದ್ದರು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆ ಹೌದು ಹಲ್ಲಕ್ಕನ ನಾಲಿಗೆಯ ತುದಿಗೇ ಬಂದಿತ್ತು.

“ಕಾಲಿಗಲ್ಲ ಅತ್ತೆ.”

“ಮತ್ತೆ?”

ಹಲ್ಲಕ್ಕ ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಅತ್ತೆ ಆ ಕೈಯನ್ನೇ ನೋಡಿದರು.

“ಅವನ ಎದೆ ಅಗಲ,” ಎಂದರು. “ನಮ್ಮಪ್ಪಂದೂ ಹಾಗೇ ಇತ್ತು.” ಎದ್ದು ಅಡುಗೆಮನೆಗೆ ಹೋದರು. ಆ ದಿನ, ಅದರ ಮಾರನೆಯ ದಿನ ಊಟಕ್ಕೆ ಬಡಿಸಿದ್ದು ಬಿಟ್ಟರೆ ಅವರು ಸೊಸೆಯ ಕಡೆ ತಿರುಗಲಿಲ್ಲ. ಪಾತ್ರೆಗಳ ಸದ್ದು ಮಾತ್ರ ದಿನಕ್ಕಿಂತ ಜೋರಾಗಿತ್ತು.

ಹಲ್ಲಕ್ಕ ಜೈಲಮ್ಮನ ಹತ್ತಿರ ಹೋಗಿ ಇದೆಲ್ಲ ನನ್ನಿಂದಾಗದು ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದ್ದಳು. ರಜೆಯ ದಿನ, ಬೆಳಗಿನ ಚಹಾ ಮುಗಿದ ಹೊತ್ತು. ಅತ್ತೆ ಲೋಟ ಕೆಳಗಿಟ್ಟು ಎದ್ದು ನಿಂತರು. ನಾನು ಹೊರಗೆ ಹೋಗ್ತೀನಿ, ನೀನು ಚಿಲಕ ಹಾಕಿಕೊಂಡು ಒಳಗಿರು ಎಂದರು. ಎಲ್ಲಿಗೆ ಎಂದು ಕೇಳಿದರೆ ಎಲ್ಲಿಗೂ ಇಲ್ಲ ಎಂದರು.

ಇಲ್ಲಿ ಅತ್ತೆಯ ಒಂದು ವಿದ್ಯೆಯನ್ನು ಹೇಳಬೇಕು. ಅವರು ಯಾರ ದನಿಯನ್ನು ಬೇಕಾದರೂ ತೆಗೆಯುತ್ತಿದ್ದರು. ಸೈಕಲ್ಲಣ್ಣನ ಉಗ್ಗು, ಕೋರ್ಟಿನ ಜಡ್ಜರ ಕೆಮ್ಮು, ಪಕ್ಕದ ಮನೆಯ ಬಾಣಂತಿ ಗಂಡನನ್ನು ಬಯ್ಯುವ ರಾಗ, ಎಲ್ಲ ಅವರ ಗಂಟಲಲ್ಲಿ ತಯಾರಿರುತ್ತಿತ್ತು. ಹೊಸ ಹಲ್ಲು ಬಂದ ಮೇಲೆ ಸ ಕಾರ ಸ್ವಲ್ಪ ಸೀಟಿ ಹೊಡೆಯುತ್ತಿತ್ತೇ ಹೊರತು ಬೇರೆ ಕುಂದಿರಲಿಲ್ಲ.

ಹೊರಗಿನಿಂದ ಬಡಿದ ಸದ್ದು. “ಯಾರು?” ಎಂದಳು ಹಲ್ಲಕ್ಕ.

“ನಾನು.”

ನಾ ಎನ್ನುವುದನ್ನು ಎಳೆದು, ನು ಎನ್ನುವುದನ್ನು ನುಂಗುವ ಅದೇ ದನಿ. ಕೆಲಸದಿಂದ ದಣಿದು ಬಂದಿದ್ದೇನೆ, ಬೇಗ ತೆಗಿ ಎನ್ನುವ ಅದೇ ಭಾರ. ಕೈ ಚಿಲಕ ಸರಿಸಿಯೇಬಿಟ್ಟಿತು. ಹೊಸಿಲಿನಲ್ಲಿ ಅತ್ತೆ ಒಬ್ಬರೇ ನಿಂತಿದ್ದರು.

“ಸತ್ತೆ ನೀನು,” ಎಂದರು. “ಹಾಕ್ಕೋ ಚಿಲಕ. ಇನ್ನೊಂದು ಸಲ.”

ಅಲ್ಲಿಂದ ಅದೊಂದು ದಿನಚರಿಯೇ ಆಯಿತು. ಹಲ್ಲಕ್ಕ ಕೆಲಸಕ್ಕೆ ಹೊರಡುವ ಮುಂಚೆ, ಬಂದ ಮೇಲೆ, ಅತ್ತೆ ಹೊರಗೆ, ಸೊಸೆ ಒಳಗೆ. ಕೈಯನ್ನು ಬರಿದೆ ತಡೆದರೆ ತಡೆಯದು, ಅದಕ್ಕೆ ಬೇರೆ ಕೆಲಸ ಕೊಡು ಎಂದು ಜೈಲಮ್ಮ ಹೇಳಿಕೊಟ್ಟಿದ್ದರು. ‘ನಾನು’ ಕಿವಿಗೆ ಬಿದ್ದ ಕೂಡಲೇ ಕೈ ಫೋನಿಗೆ ಹೋಗಬೇಕು, ಕಾಲು ಓಣಿಯ ಬಾಯಿಗೆ. ಪೊಲೀಸರಿಗೆ ಮೊದಲು, ಪಿಸ್ತೂಲು ಆಮೇಲೆ. ಮೊದಮೊದಲು ಕೈ ಚಿಲಕದವರೆಗೆ ಹೋಗಿ ವಾಪಸು ಬರುತ್ತಿತ್ತು. ಆಮೇಲೆ ಅರ್ಧ ದಾರಿಗೆ. ಆಮೇಲೆ ಮಡಿಲಿನಲ್ಲೇ ಒಮ್ಮೆ ಅಲುಗಿ ಸುಮ್ಮನಾಗುತ್ತಿತ್ತು. ಹಲ್ಲಕ್ಕ ಅದನ್ನು ಹೊಸದಾಗಿ ಸಾಕಿಕೊಂಡ ನಾಯಿಮರಿಯಂತೆ ಗಮನಿಸುತ್ತಿದ್ದಳು. ಯಾವ ಹೊತ್ತಿನಲ್ಲಿ ಹೇಳಿದ ಮಾತು ಕೇಳುತ್ತದೆ, ಯಾವ ಹೊತ್ತಿನಲ್ಲಿ ಕೇಳುವುದಿಲ್ಲ, ಹಸಿದಾಗ ಹೇಗೆ, ನಿದ್ದೆಗೆಟ್ಟಾಗ ಹೇಗೆ. ಸೈಕಲ್ಲಣ್ಣ ಒಂದು ದಿನ ಆ ದನಿ ಕೇಳಿ ಪಂಪು ಹಿಡಿದು ಮೆಟ್ಟಿಲು ಹತ್ತಿದ. ಮೇಲೆ ಮುದುಕಿಯೊಬ್ಬರೇ ಮುಚ್ಚಿದ ಬಾಗಿಲಿನ ಎದುರು ಗಂಡಸಿನ ದನಿಯಲ್ಲಿ ಗೋಗರೆಯುವುದನ್ನು ಕಂಡು, ನಂಗ್ಯಾಕೆ ಬೇಕು ಎಂದು ಇಳಿದುಹೋದನಂತೆ.

ಹೌದು, ಗೋಗರೆಯುವುದೂ ಇತ್ತು. ಬರೀ ‘ನಾನು’ ಸಾಲದು ಎಂದು ಅತ್ತೆ ಪಾಠವನ್ನು ಬೆಳೆಸುತ್ತಾ ಹೋದರು. ಒಂದೇ ಒಂದು ಮಾತು ಕಣೇ, ಆಡಿ ಹೊರಟುಹೋಗ್ತೀನಿ. ಜ್ವರ ಬಂದಿದೆ ಕಣೇ. ತೆಗೀತೀಯೋ ಒದೀಲೋ. ಸಿಹಿ, ಕಹಿ, ಕಣ್ಣೀರು, ಒಂದೂ ಬಿಡಲಿಲ್ಲ. ಒಂದು ಸಂಜೆ ಮಾತ್ರ ಆ ದನಿ ಬೇರೆಯೇ ಏನನ್ನೋ ಹೇಳಿತು.

“ತಪ್ಪಾಯ್ತು. ಅಮ್ಮನ ಮೇಲೆ ಕೈ ಮಾಡಿದ್ದು ತಪ್ಪಾಯ್ತು.”

ಹಲ್ಲಕ್ಕ ಓಣಿಯ ಬಾಯಲ್ಲಿ ಫೋನು ಹಿಡಿದು ನಿಂತೇ ಇದ್ದಳು. ಆಮೇಲೆ ಅತ್ತೆಯದ್ದೇ ದನಿ ಬಂತು, ನಾನು ಕಣೇ, ತೆಗಿ, ಮೊಣಕಾಲು ನೋಯ್ತಿದೆ ಎಂದು. ಯಾವ ನಾನು ಎಂದಳು ಹಲ್ಲಕ್ಕ. ಈ ಮನೆಯ ಮುದುಕಿ ಎಂಬ ಉತ್ತರ ಬಂದ ಮೇಲೆಯೇ ಚಿಲಕ ತೆಗೆದಳು. ಅತ್ತೆಯ ಮುಖವನ್ನು ನೋಡಿಯೂ ನೋಡದವಳಂತೆ, “ಅದನ್ನ ಅವರು ಅನ್ನಲ್ಲ ಬಿಡಿ,” ಎಂದಳು.

“ಗೊತ್ತು,” ಎಂದರು ಅತ್ತೆ. “ಅಂದ್ರೆ ತೆಗೀತೀಯೋ ಅಂತ ನೋಡಿದೆ.”

ಯಾವಾಗ ಹೊಡೆಯುತ್ತೀಯ ಎಂಬ ಜೈಲಮ್ಮನ ಪ್ರಶ್ನೆಗೆ ಉತ್ತರವೂ ಸಿದ್ಧವಾಯಿತು. ಬಾಗಿಲು ಮುಚ್ಚಿರುವಷ್ಟು ಹೊತ್ತು ಇಲ್ಲ, ಅವನು ಏನೇ ಬೊಬ್ಬೆ ಹೊಡೆಯಲಿ. ಮನೆಯ ಸಾಮಾನು ಒಡೆದರೂ ಇಲ್ಲ. ಬೆನ್ನು ತಿರುಗಿಸಿದ ಮೇಲಂತೂ ಇಲ್ಲವೇ ಇಲ್ಲ. ಬಾಗಿಲು ಮುರಿದು ಒಳಗೆ ಬಂದು, ನಿಲ್ಲು ಎಂದರೂ ನಿಲ್ಲದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಓಣಿಯ ಕಡೆಗೆ ಕಾಲಿಟ್ಟರೆ, ಆಗ. ಇದನ್ನು ಯಾರ ಹತ್ತಿರ ಮಾತಾಡಿ ನಿರ್ಧರಿಸಿದೆ ಎಂದು ಜೈಲಮ್ಮ ಕೇಳಿದರು. ಅವನ ತಾಯಿಯ ಹತ್ತಿರ ಎಂದಳು. ಜೈಲಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಸಹಿ ಹಾಕಿದರು. ಪಿಸ್ತೂಲು ಮನೆಗೆ ಬಂತು. ಓಣಿಯ ಗೋಡೆಗೆ ಬಡಿದ ಉಕ್ಕಿನ ಪೆಟ್ಟಿಗೆಯಲ್ಲಿ, ಹಲ್ಲಕ್ಕನ ಬೆರಳಿಗೆ ಮಾತ್ರ ತೆರೆಯುವ ಹಾಗೆ, ಅದು ಸುಮ್ಮನೆ ಕೂತಿತು. ಅತ್ತೆ ಆ ಪೆಟ್ಟಿಗೆಯ ಪಕ್ಕದಲ್ಲಿ ಹಾದುಹೋಗುವಾಗ ಮಲಗಿದ ಮಗುವಿನ ಬಳಿ ನಡೆಯುವವರಂತೆ ಹೆಜ್ಜೆ ಹಗುರ ಮಾಡುತ್ತಿದ್ದರು.

ಅವನು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಕೆಳಗೆ ಸೈಕಲ್ಲಣ್ಣ ಅಂಗಡಿ ಮುಚ್ಚಿ ಹೋಗಿದ್ದ. ಅತ್ತೆ ಅಡುಗೆಮನೆಯಲ್ಲಿ, ಹಲ್ಲಕ್ಕ ಮುಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಬಡಿದ ಸದ್ದು ಕೇಳಿ ಯಾರು ಎಂದಳು.

“ನಾನು.”

ಅಂಗಿಯೊಂದು ಕೈಯಲ್ಲಿ ಅರ್ಧ ಮಡಚಿದ ಹಾಗೇ ಇತ್ತು. ಕೈ ಅಲುಗಲಿಲ್ಲ. ಅತ್ತೆಯ ದನಿಗಿಂತ ಇದು ಕೊಂಚ ಬಡಕಲು ಎನ್ನಿಸಿತು ಅವಳಿಗೆ. ಅಸಲಿಯೇ ನಕಲಿನ ಹಾಗೆ ಕೇಳುತ್ತಿತ್ತು. ಅಂಗಿಯನ್ನು ಕೆಳಗಿಟ್ಟು, ಫೋನು ಎತ್ತಿ, ಪೊಲೀಸರಿಗೆ ವಿಳಾಸ ಹೇಳುತ್ತಾ ಓಣಿಯ ಬಾಯಿಗೆ ಬಂದಳು. ಪೆಟ್ಟಿಗೆಗೆ ಬೆರಳು ಒತ್ತಿ, ಪಿಸ್ತೂಲು ತೆಗೆದು, ನೆಲದ ಕಡೆ ಹಿಡಿದು ನಿಂತಳು. ಎಲ್ಲ ಕಲಿತ ಹಾಗೇ ಆಯಿತು. ಬಾಗಿಲಿಗೆ ಒದೆ ಬಿತ್ತು, ಚಿಲಕ ಕುಣಿಯಿತು. ಹೊರಟುಹೋಗಿ, ಪೊಲೀಸರು ಬರ್ತಿದ್ದಾರೆ, ನನ್ನ ಕೈಯಲ್ಲಿ ಪಿಸ್ತೂಲಿದೆ ಎಂದು ಗಟ್ಟಿಯಾಗಿ ಹೇಳಿದಳು. ಇನ್ನು ಅತ್ತೆ ಅಡುಗೆಮನೆಯಿಂದ ಬಂದು ಅವಳ ಬೆನ್ನ ಹಿಂದೆ ಸೇರಿಕೊಳ್ಳುವುದೊಂದು ಬಾಕಿ.

ಹೊರಗೆ ಒದೆ ನಿಂತಿತು. ಆಮೇಲೆ ಬೇರೆಯೇ ದನಿ, ಸಣ್ಣದು.

“ಅಮ್ಮಾ.”

ಅತ್ತೆ ಅಡುಗೆಮನೆಯಿಂದ ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಮಗ ಶಾಲೆಯಿಂದ ಬಂದ ಹೊತ್ತಿಗೆ ಬರುವವರ ಹಾಗೆ, ಓಣಿಯ ಕಡೆ ನೋಡದೆ ನೇರ ಬಾಗಿಲಿಗೆ ನಡೆದರು. ಅವರ ಬಲಗೈ ಎದ್ದು ಚಿಲಕದ ಮೇಲೆ ಕೂತಿತು.

ಆಗ ಹಲ್ಲಕ್ಕನಿಗೆ ಹೊಳೆಯಿತು. ಇಷ್ಟು ದಿನ ಈ ಬಾಗಿಲಿನ ಒಳಗೆ ನಿಂತು ಕಲಿತದ್ದು ಒಂದೇ ಕೈ, ತನ್ನದು. ಅತ್ತೆ ಯಾವಾಗಲೂ ಹೊರಗೇ ಇದ್ದರು, ಅವನಾಗಿ. ಅವನ ಎಲ್ಲ ಮಾತನ್ನೂ ಆಡಿದ್ದ ಅವರು ಅಮ್ಮಾ ಎನ್ನುವ ಈ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ಆಡಲು ಮನಸ್ಸು ಬಂದಿರಲಿಲ್ಲವೋ, ಅದು ತನಗೇ ಕಾದಿರುವ ಮಾತೆಂದು ಹೊಳೆದಿರಲಿಲ್ಲವೋ.

ಅವಳೆದುರಿಗೆ ಈಗ ಬಾಗಿಲಿರಲಿಲ್ಲ, ಅತ್ತೆಯ ಬೆನ್ನಿತ್ತು. ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಬಾಗಿಲು ತೆರೆದುಕೊಂಡರೆ ತನ್ನ ಹತ್ತಿರ ಏನೂ ಇರುವುದಿಲ್ಲ ಎಂದು ಗೊತ್ತಿದ್ದೇ ಮುಚ್ಚಿದಳು. ಓಡಿಹೋಗಿ ಅತ್ತೆಯ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿ ಹಿಡಿದಳು.

“ಅತ್ತೆ, ಕೈ.”

ಅತ್ತೆ ಕೈ ನೋಡಿಕೊಂಡರು. ಬಿಡಿಸಿಕೊಳ್ಳಲು ಎಳೆಯಲಿಲ್ಲ, ಚಿಲಕವನ್ನು ಬಿಡಲೂ ಇಲ್ಲ. ಹೊರಗಿನಿಂದ ಅಮ್ಮಾ ಅಮ್ಮಾ ಎಂದು ಕೇಳುತ್ತಲೇ ಇತ್ತು. ಪ್ರತಿ ಸಲವೂ ಅತ್ತೆಯ ಬೆರಳು ಸೊಸೆಯ ಅಂಗೈ ಕೆಳಗೆ ಮೀನಿನ ಹಾಗೆ ಮಿಸುಕಾಡಿತು. ಆಮೇಲೆ ಸಿಹಿ ಮುಗಿದು ಬೈಗುಳ ಶುರುವಾಯಿತು. ಬೈಗುಳಕ್ಕೆ ಬೆರಳು ಸುಮ್ಮನಾಯಿತು. ಪೊಲೀಸರ ಬೂಟುಗಳು ಮೆಟ್ಟಿಲು ಹತ್ತಿ ಅವನನ್ನು ಎಳೆದುಕೊಂಡು ಇಳಿಯುವವರೆಗೆ ಇಬ್ಬರೂ ಹಾಗೇ ಒಂದರ ಮೇಲೊಂದು ಕೈಯಿಟ್ಟು ನಿಂತಿದ್ದರು.

ಅಪ್ಪಣೆ ಮೀರಿದ್ದಕ್ಕೆ ಅವನಿಗೆ ಕೆಲವು ತಿಂಗಳು ಜೈಲಾಯಿತು. ಹಲ್ಲಕ್ಕ ಪಿಸ್ತೂಲನ್ನು ಒಯ್ದು ಜೈಲಮ್ಮನ ವಶಕ್ಕೆ ಕೊಟ್ಟಳು. ಬೇಡವಾಯಿತೆ ಎಂದು ಅವರು ಕೇಳಿದರು. ಬೇಕು, ಆದರೆ ಮನೆಯಲ್ಲಿ ಇನ್ನೊಂದು ಕೈ ಇದೆ, ಅದೂ ಕಲಿಯಲಿ, ಆಮೇಲೆ ಬಂದು ಒಯ್ಯುತ್ತೇನೆ ಎಂದಳು. ಅವನು ಹೊರಗೆ ಬರುವುದರೊಳಗೆ ಕಲಿತರೆ ಸಾಕು ಎಂದರು ಜೈಲಮ್ಮ.

ಮನೆಗೆ ಬಂದರೆ ಅತ್ತೆ ಚಹಾ ಮಾಡಿಟ್ಟು ಕಾಯುತ್ತಿದ್ದರು. ಕುಡಿದು ಮುಗಿಸಿದ್ದೇ ತಡ, ಬಾಗಿಲ ಕಡೆ ಗಲ್ಲ ಚಾಚಿ, “ಈ ಸಲ ನೀನು ಹೊರಗೆ ಹೋಗು,” ಎಂದರು.

ಹಲ್ಲಕ್ಕ ಹೊರಗೆ ನಿಂತಳು. ಒಳಗೆ ಚಿಲಕ ಬಿದ್ದ ಸದ್ದಾಯಿತು. ದನಿ ತೆಗೆಯುವ ವಿದ್ಯೆ ಅವಳಿಗೆಲ್ಲಿಂದ ಬರಬೇಕು. ಗಂಟಲು ಸರಿಮಾಡಿಕೊಂಡು “ಅಮ್ಮಾ” ಎಂದಳು. ಒಳಗೆ ಅತ್ತೆ ಗೊಳ್ಳೆಂದು ನಕ್ಕರು. ಯಾರೋ ಭಿಕ್ಷೆಗೆ ಬಂದಿದ್ದಾರೆ, ಮುಂದೆ ಹೋಗಿ ಎಂದರು. ಹಾಗಲ್ಲ, ಅವನು ಮೊದಲು ಮೂಗಿನಲ್ಲಿ ಸ್ವಲ್ಪ ಎಳೀತಾನೆ, ಕೊನೆಗೆ ಬಾಯಿ ಮುಚ್ಚೋದೇ ಇಲ್ಲ ಎಂದು ಹೇಳಿಕೊಟ್ಟರು. ಹಲ್ಲಕ್ಕ ಮತ್ತೆ ಎಂದಳು, ಮತ್ತೆ ನಕ್ಕರು. ಇನ್ನೂ ಚಿಕ್ಕದಾಗಿ, ಏಟು ಬಿದ್ದವನ ಹಾಗೆ ಎಂದರು.

ಹಲ್ಲಕ್ಕ ಕಣ್ಣು ಮುಚ್ಚಿ, ಆ ಸಂಜೆ ಕೇಳಿದ್ದನ್ನು ನೆನೆದು, ಮೂಗಿನಲ್ಲಿ ಎಳೆದು ಚಿಕ್ಕದಾಗಿ ಕರೆದಳು.

ಒಳಗೆ ನಗು ನಿಂತಿತು. ಹಲ್ಲಕ್ಕ ಕದಕ್ಕೆ ಕಿವಿ ಆನಿಸಿ, ಚಿಲಕ ಸದ್ದು ಮಾಡುತ್ತದೋ ಎಂದು ಉಸಿರು ಬಿಗಿಹಿಡಿದು ಕಾದಳು.